ಹೋರಾಟದ ಹಾಡಿನಿಂದ ನಿಜಕ್ಕೂ ಏನಾದರೂ ಬದಲಾಗುತ್ತದೆಯೇ?

ವೇದಾವತಿ ದಂಡೆ, ಚಿತ್ರದುರ್ಗ ಜಿಲ್ಲೆ (ಪ್ರಶ್ನೆ)

ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯ ನೀರಿಗಾಗಿ ನಮ್ಮ ಭಾಗದ ರೈತರು ನಡೆಸುತ್ತ ಬಂದಿರುವ ಧರಣಿಗಳಲ್ಲಿ ಹಾಡುವ ಒಂದು ಸಣ್ಣ ತಂಡದಲ್ಲಿ ನಾನೂ ಇದ್ದೇನೆ. ನಾವು ಎಂಟು ಜನ. ಎರಡು ತಮಟೆ, ಒಂದು ಉರುಮೆ ಇವೆ. ನಮ್ಮ ಹಾಡುಗಳಲ್ಲಿ ಕೆಲವು ಎಲ್ಲರಿಗೂ ಗೊತ್ತಿರುವ ಹಳೆಯವು, ಉಳಿದವು ನಮ್ಮೂರಿನ ಹೆಂಗಸರು ಸೋಬಾನೆಯ ಮಟ್ಟಿನಲ್ಲಿ ತಾವೇ ಕಟ್ಟಿದವು.

ಮುಂದಿನ ಧರಣಿಯ ಸಿದ್ಧತೆಗೆ ಕಳೆದ ವಾರ ಸೇರಿದ್ದ ಸಭೆಯಲ್ಲಿ ಹಿರಿಯರೊಬ್ಬರು, ಈ ಸಲ ಹಾಡಿಗೆಂದು ಬೇರೆ ಸಮಯ ಇಡುವುದು ಬೇಡ, ಮೆರವಣಿಗೆ ಒನಕೆ ಓಬವ್ವ ವೃತ್ತ ಮುಟ್ಟುವವರೆಗೆ ಆಟೋದ ಮೈಕಿನಲ್ಲಿ ರೆಕಾರ್ಡ್ ಹಾಕಿದರೆ ಸಾಕು, ಉಳಿದ ಹೊತ್ತನ್ನು ಭಾಷಣಕ್ಕೆ ಕೊಡೋಣ ಎಂದರು. ಅವರು ಹಾಡನ್ನು ಹಗುರವಾಗಿ ಕಾಣುವವರಲ್ಲ, ಒಂದು ಕಾಲಕ್ಕೆ ತಾವೇ ಹಾಡುತ್ತಿದ್ದವರು. ಕೊನೆಗೆ ನನ್ನ ಕಡೆ ತಿರುಗಿ, "ಇಷ್ಟು ವರ್ಷ ಹಾಡಿದಿವಲ್ಲಪ್ಪ, ಹಾಡಿಗೆ ಒಂದು ಹನಿ ನೀರು ಬಂತಾ?" ಎಂದು ಕೇಳಿದರು. 2023ರ ಕೇಂದ್ರ ಬಜೆಟ್‌ನಲ್ಲಿ ಈ ಯೋಜನೆಗೆ 5,300 ಕೋಟಿ ರೂಪಾಯಿ ಘೋಷಣೆಯಾದ ದಿನ ಊರಿನಲ್ಲಿ ಸಿಹಿ ಹಂಚಿದವರಲ್ಲಿ ಅವರೂ ಒಬ್ಬರು. ಅವರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ನಿಮ್ಮ ಅನುಭವದಲ್ಲಿ ಹಾಡು ಏನನ್ನಾದರೂ ಬದಲಿಸಿದೆಯೇ? ಅಥವಾ ಹಾಡುವವರಾದ ನಮ್ಮ ಸಮಾಧಾನಕ್ಕಷ್ಟೇ ಅದು ಉಳಿದಿದೆಯೇ?

ಮಿಲ್ ಚಾಳಿನ ಮಗ, ದಾವಣಗೆರೆ

ನಿಮ್ಮ ಹಿರಿಯರ ಪ್ರಶ್ನೆ ನನಗೆ ಹೊಸದಲ್ಲ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ದಿನಗಳಲ್ಲಿ ನನ್ನ ತಂದೆ ಇಲ್ಲಿನ ಒಂದು ಹತ್ತಿ ಗಿರಣಿಯಲ್ಲಿ ನೂಲುವ ಖಾತೆಯ ಕೆಲಸಗಾರರಾಗಿದ್ದರು. ಕಾರ್ಮಿಕ ನಾಯಕ ಪಂಪಾಪತಿಯವರನ್ನು ವಿಧಾನಸಭೆಗೆ ಆರಿಸಿ ಕಳುಹಿಸಿದ ಊರು ಇದು. ಇಲ್ಲಿ ಗೇಟ್ ಮೀಟಿಂಗ್ ಎಂದರೆ ಅದರಲ್ಲಿ ಹಾಡು ಇದ್ದೇ ಇರುತ್ತಿತ್ತು. ಪಾಳಿ ಬಿಟ್ಟು ಹೊರಬರುವವರ ತಲೆಯ ಮೇಲೆ, ಹುಬ್ಬಿನ ಮೇಲೆ ಹತ್ತಿಯ ಎಳೆ ಅಂಟಿಕೊಂಡಿರುತ್ತಿತ್ತು, ಒಳಗಿನ ಯಂತ್ರಗಳ ಸದ್ದಿಗೆ ಕಿವಿ ಇನ್ನೂ ಗುಂಯ್‌ಗುಡುತ್ತಿರುತ್ತಿತ್ತು. ಅಂಥವರಿಗೆ ಭಾಷಣ ಸರಿಯಾಗಿ ಕೇಳಿಸುತ್ತಲೇ ಇರಲಿಲ್ಲ ಎಂದು ಅಪ್ಪ ಹೇಳುತ್ತಿದ್ದರು. ಹಾಡಿನ ಸೊಲ್ಲು ಮಾತ್ರ ಎರಡು ಸಲ, ಮೂರು ಸಲ ಬರುತ್ತಿದ್ದುದರಿಂದ ಕಿವಿಗೆ ಬೀಳುತ್ತಿತ್ತು. ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ಬೋನಸ್, ತುಟ್ಟಿಭತ್ಯೆ, ಬದಲಿ ಕೆಲಸಗಾರರನ್ನು ಕಾಯಂ ಮಾಡುವುದು, ಈ ಬೇಡಿಕೆಗಳೆಲ್ಲ ಅವರಿಗೆ ಬಾಯಿಪಾಠವಾದದ್ದು ಕರಪತ್ರದಿಂದಲ್ಲ, ಹಾಡಿನಿಂದ.

ಇದನ್ನು ಹೇಳಿದ ಮೇಲೆ ಇನ್ನೊಂದನ್ನೂ ಹೇಳಲೇಬೇಕು. ಆ ಗಿರಣಿ ಮುಚ್ಚಿತು. ಎಷ್ಟು ಹಾಡಿದರೂ ಅದನ್ನು ಉಳಿಸಿಕೊಳ್ಳಲು ನಮ್ಮವರಿಗೆ ಆಗಲಿಲ್ಲ, ಅಪ್ಪ ಕೊನೆಯ ವರ್ಷಗಳಲ್ಲಿ ಮಂಡಿಪೇಟೆಯಲ್ಲಿ ಲೆಕ್ಕದ ಕೂಲಿಗೆ ಮೂಟೆ ಹೊತ್ತರು. ಆದರೂ ಆ ಹಾಡುಗಳು ವ್ಯರ್ಥವಾದವು ಎಂದು ಅವರು ಒಂದು ದಿನವೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂಬುದನ್ನು ನಾನು ಈಗಲೂ ಯೋಚಿಸುತ್ತಿರುತ್ತೇನೆ.

ಹಿರಿಯೂರಿನ ವಕೀಲ

ನಾನು ಸ್ವಲ್ಪ ಭಿನ್ನವಾಗಿ ಮಾತನಾಡುತ್ತೇನೆ, ದಯವಿಟ್ಟು ಬೇಸರಿಸಬೇಡಿ. 1939ರಲ್ಲಿ ನಮ್ಮ ಜಿಲ್ಲೆಯ ತುರುವನೂರಿನ ಅರಣ್ಯ ಸತ್ಯಾಗ್ರಹದಲ್ಲಿ ಜನ ಸರ್ಕಾರವನ್ನು ಎದುರಿಸಿದ್ದು ಈಚಲು ಮರಗಳಿಗೆ ಕೊಡಲಿ ಹಾಕಿ, ಅದಕ್ಕಾಗಿ ಜೈಲಿಗೆ ಹೋಗಿ. ಆ ಮೆರವಣಿಗೆಗಳಲ್ಲಿ ಹಾಡು ಕೇಳಿರಬಹುದು, ಆದರೆ ಅಧಿಕಾರಿಗಳನ್ನು ಎಬ್ಬಿಸಿದ್ದು ಉರುಳಿದ ಮರ.

ಶಾಲೆಗಳಲ್ಲಿ ನಾವೆಲ್ಲ "ನಾವು ಗೆದ್ದೇ ಗೆಲ್ಲುತೇವೆ ಒಂದು ದಿನ" ಎಂದು ಹಾಡಿದ್ದೇವಲ್ಲ, ಅದರ ಮೂಲದ ಕಥೆಯನ್ನೇ ನೋಡಿ. ಚರ್ಚಿನ ಭಕ್ತಿಗೀತೆಯಾಗಿದ್ದ ಅದರಲ್ಲಿ ಮೊದಲು ಇದ್ದದ್ದು "ನಾನು ಗೆಲ್ಲುವೆ" ಎಂಬ ಮಾತು. 1945ರಲ್ಲಿ ಅಮೆರಿಕದ ಚಾರ್ಲ್ಸ್‌ಟನ್‌ನ ತಂಬಾಕು ಕಾರ್ಖಾನೆಯಲ್ಲಿ ಮುಷ್ಕರ ಹೂಡಿದ ಕೆಲಸಗಾರರು, ಅವರಲ್ಲಿ ಬಹುಪಾಲು ಕಪ್ಪು ಜನಾಂಗದ ಹೆಂಗಸರು, ಅದನ್ನು "ನಾವು" ಎಂದು ಹಾಡಿದರು. ಇಪ್ಪತ್ತು ವರ್ಷಗಳ ಬಳಿಕ, 1965ರ ಮಾರ್ಚ್ 15ರಂದು, ಅಧ್ಯಕ್ಷ ಜಾನ್ಸನ್ ಸಂಸತ್ತಿನಲ್ಲಿ ಮತದಾನದ ಹಕ್ಕಿನ ಕಾನೂನಿಗಾಗಿ ಮಾತನಾಡುವಾಗ ಅದೇ ಸಾಲನ್ನು ಉಚ್ಚರಿಸಿದರು. ಇದನ್ನು ಹಾಡಿನ ಗೆಲುವು ಎನ್ನುವವರಿದ್ದಾರೆ. ಆದರೆ ಅದಕ್ಕೆ ಎಂಟು ದಿನ ಮೊದಲು ಅಲ್ಲಿನ ಸೆಲ್ಮಾ ಎಂಬ ಊರಿನ ಸೇತುವೆಯ ಬಳಿ, ಅದೇ ಹಕ್ಕಿಗಾಗಿ ಮೆರವಣಿಗೆ ಹೊರಟಿದ್ದ ನಿರಾಯುಧ ಜನರ ಮೇಲೆ ಪೊಲೀಸರು ಲಾಠಿ ಬೀಸಿದ್ದರು, ದೇಶವೆಲ್ಲ ಅದನ್ನು ದೂರದರ್ಶನದಲ್ಲಿ ಕಂಡಿತ್ತು. ಅಧ್ಯಕ್ಷರ ಬಾಯಿಗೆ ಆ ಸಾಲು ಬಂದದ್ದು ಪೆಟ್ಟು ತಿಂದವರಿಂದ.

ಇನ್ನೊಂದು ಆತಂಕವೂ ನನಗಿದೆ. ಹೋರಾಟದಲ್ಲಿ ಹುಟ್ಟಿದ ಮಟ್ಟುಗಳನ್ನೇ ಈಗ ಚುನಾವಣೆಯ ಪ್ರಚಾರದ ಗಾಡಿಗಳು ಮಾತು ಬದಲಿಸಿ ಹಾಕುತ್ತವೆ. ಹಾಡಿಗೆ ತಾನು ಯಾರ ಪರ ಎಂಬುದು ತಿಳಿಯದು. ಅರ್ಜಿ, ದಾಖಲೆ, ನ್ಯಾಯಾಲಯ, ಲೆಕ್ಕ ಕೇಳುವುದು, ಈ ಕೆಲಸಕ್ಕೆ ಜನರಿಲ್ಲದೆ ಹಾಡುವುದಕ್ಕೆ ಮಾತ್ರ ಜನರಿದ್ದರೆ ನಿಮ್ಮ ಹಿರಿಯರು ಕೇಳಿದ್ದು ಸರಿ ಎನ್ನಬೇಕಾಗುತ್ತದೆ.

ತುಂಗಭದ್ರೆಯ ತಟದವಳು, ಹರಿಹರ

ವಕೀಲ ಸರ್, ನೀವೇ ಹೇಳಿದ ಕಥೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಅಧ್ಯಕ್ಷರ ಭಾಷಣವಲ್ಲ, "ನಾನು" ಹೋಗಿ "ನಾವು" ಆದದ್ದು. ಅದು ನಡೆದದ್ದು ಮುಷ್ಕರದ ಚಳಿಯಲ್ಲಿ ನಿಂತಿದ್ದ ಹೆಂಗಸರ ಬಾಯಲ್ಲಿ, ಯಾವ ಕಾನೂನೂ ಬರುವುದಕ್ಕೆ ಎಷ್ಟೋ ಮೊದಲು.

ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು 1938ರಲ್ಲಿ ನಮ್ಮ ಹರಿಹರದಲ್ಲಿ ಹುಟ್ಟಿದವರು. 1975ರಲ್ಲಿ ಸಿದ್ದಲಿಂಗಯ್ಯನವರ "ಹೊಲೆಮಾದಿಗರ ಹಾಡು" ಬಂದ ಮೇಲೆ ಆ ಪದ್ಯಗಳು ಪುಸ್ತಕದಲ್ಲಿ ಉಳಿಯದೆ ಕೇರಿಯಿಂದ ಕೇರಿಗೆ ಬಾಯಿಂದ ಬಾಯಿಗೆ ಹೋದವು. ಆ ಕಾಲದಲ್ಲಿ ನಮ್ಮ ಕೇರಿಯಲ್ಲಿ ನಡೆದದ್ದನ್ನು ನನ್ನ ಅಜ್ಜನಿಂದ ಕೇಳಿದ್ದೇನೆ. ಅಜ್ಜ ತಮಟೆ ಬಾರಿಸುವವರು. ಊರಿನಲ್ಲಿ ಯಾರೇ ಸತ್ತರೂ ಹೆಣದ ಮುಂದೆ ಬಾರಿಸಬೇಕು, ಜಾತ್ರೆಯಲ್ಲಿ ತೇರಿನಿಂದ ದೂರ ನಿಂತು ಬಾರಿಸಬೇಕು, ಡಂಗುರ ಸಾರಬೇಕು. ಕೊಟ್ಟದ್ದನ್ನು ಸೆರಗೊಡ್ಡಿ ಈಸಿಕೊಳ್ಳಬೇಕು. ಸಂಘಟನೆಯ ಹುಡುಗರು ಬಂದಾಗ ಕೇರಿಯಲ್ಲಿ ದೊಡ್ಡ ಜಗಳವೇ ಆಯಿತಂತೆ. ತಮಟೆ ನಮ್ಮ ಅವಮಾನದ ಗುರುತು, ಅದನ್ನು ಮುಟ್ಟಲೇಬಾರದು ಎಂದು ಕೆಲವರು, ಬಾರಿಸುವುದು ನಮ್ಮ ವಿದ್ಯೆ, ಯಾರಿಗಾಗಿ ಬಾರಿಸುತ್ತೇವೆ ಎಂಬುದನ್ನು ನಾವು ತೀರ್ಮಾನಿಸೋಣ ಎಂದು ಉಳಿದವರು. ಅಜ್ಜ ಹೆಣದ ಮುಂದೆ ಬಾರಿಸುವುದನ್ನು ನಿಲ್ಲಿಸಿದರು, ತಮಟೆಯನ್ನು ನಿಲ್ಲಿಸಲಿಲ್ಲ. ಮೆರವಣಿಗೆಯ ಬೆಳಿಗ್ಗೆ ಹುಲ್ಲಿನ ಬೆಂಕಿ ಹಾಕಿ, ತಮಟೆಯ ಚರ್ಮವನ್ನು ಅದರ ಮುಂದೆ ತಿರುಗಿಸುತ್ತ ಕಾಯಿಸಿ, ಬೆರಳಿನಿಂದ ಒಂದು ಸಲ ತಟ್ಟಿ, ನಾದ ಏರಿತೆಂದು ಖಾತ್ರಿಯಾದ ಮೇಲೆ ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. ಊರ ನಡುವಿನ ಬೀದಿಯಲ್ಲಿ ಮೊದಲ ಸಾಲಿನಲ್ಲಿ ನಡೆದರು. ಅದೇ ತಮಟೆ, ಅದೇ ಕೈ, ಅದೇ ಬೀದಿ.

ಅದರಿಂದ ಜಾತಿ ಹೋಯಿತೇ? ಇಲ್ಲ. ಅದಕ್ಕಾಗಿ ಎರಡು ತಿಂಗಳು ನಮ್ಮವರನ್ನು ಯಾರೂ ಕೂಲಿಗೆ ಕರೆಯಲಿಲ್ಲವೆಂದು ಅಜ್ಜಿ ಹೇಳುತ್ತಿದ್ದರು. ಆದರೆ ಹೆಣದ ಮುಂದೆ ಬಾರಿಸಲು ಬಾ ಎಂದು ಅಜ್ಜನನ್ನು ಮತ್ತೆ ಯಾರೂ ಕರೆಯಲಿಲ್ಲ. ಅಜ್ಜನ ಪಾಲಿಗೆ ಜಗತ್ತು ಬದಲಾಯಿತೇ ಇಲ್ಲವೇ ಎಂಬುದನ್ನು ನಾವು ಹೊರಗಿನಿಂದ ಅಳೆಯಲಾರೆವು.

ವೇದಾವತಿ ದಂಡೆಯ ಅಣ್ಣನವರಿಗೆ ಒಂದು ಮಾತು. ಆಟೋದ ಮೈಕಿನಲ್ಲಿ ರೆಕಾರ್ಡ್ ಹಾಕುವುದು ಬೇಡವೇ ಬೇಡ. ರೆಕಾರ್ಡಿಗೆ ಜನ ಸೊಲ್ಲು ಹೇಳುವುದಿಲ್ಲ, ಅದರ ಪಾಡಿಗೆ ಅದನ್ನು ಬಿಟ್ಟು ತಮ್ಮ ಮಾತಿನಲ್ಲಿ ತೊಡಗುತ್ತಾರೆ. ಎದುರಿಗೆ ಮನುಷ್ಯರು ನಿಂತು ಹಾಡಿ, ಸೊಲ್ಲಿನ ಜಾಗದಲ್ಲಿ ಸುಮ್ಮನಾದರೆ, ಆ ಖಾಲಿ ಜಾಗವನ್ನು ತುಂಬದೆ ಇರಲು ಸೇರಿದವರಿಗೆ ಆಗುವುದಿಲ್ಲ. ಧರಣಿಗೆ ಬಂದು ದೂರದಲ್ಲಿ ಕೈಕಟ್ಟಿ ನಿಂತವರು ಮೊದಲು ಬಾಯಿಬಿಡುವುದು ಅಲ್ಲಿಯೇ.

ಹಿರಿಯೂರಿನ ವಕೀಲ

ತಾಯಿ, ನಿಮ್ಮ ಅಜ್ಜನ ವಿಷಯ ಓದಿದ ಮೇಲೆ ನನ್ನ ಮಾತಿನ ಅರ್ಧವನ್ನು ಹಿಂದಕ್ಕೆ ಪಡೆಯುತ್ತೇನೆ. ದಾಖಲೆಯ ಕೆಲಸಕ್ಕೆ ಜನ ಬೇಕು ಎಂಬ ಇನ್ನರ್ಧ ಹಾಗೆಯೇ ಇದೆ. ವೇದಾವತಿ ದಂಡೆಯವರೇ, ಕಾಲುವೆಯ ಭೂಸ್ವಾಧೀನದ ಕಾಗದಗಳನ್ನು ಓದಿ ಹೇಳುವವರು ಬೇಕಿದ್ದರೆ ನಾನು ಬರುತ್ತೇನೆ. ಶುಲ್ಕ ಬೇಡ.

ವೇದಾವತಿ ದಂಡೆ, ಚಿತ್ರದುರ್ಗ ಜಿಲ್ಲೆ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಆ ಹಿರಿಯರ ಮನೆಗೇ ಹೋಗಿ ನಿಮ್ಮ ಮಾತುಗಳನ್ನು ಓದಿ ಹೇಳಿದೆ. ತಮಟೆಯ ಭಾಗ ಬಂದಾಗ ಅವರು ಇನ್ನೊಮ್ಮೆ ಓದು ಎಂದರು. ಆಮೇಲೆ ಬಹಳ ಹೊತ್ತು ಏನೂ ಹೇಳಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಹೊರಡುವಾಗ ಬಾಗಿಲವರೆಗೆ ಬಂದು, ನಮ್ಮ ತಂಡದ ಗಂಡಸರು ಶ್ರುತಿಯನ್ನು ತೀರ ಏರಿಸಿ ಹಿಡಿಯುತ್ತಾರೆ, ಅದಕ್ಕೇ ಕೂತ ಹೆಂಗಸರ ದನಿ ಸೇರುವುದಿಲ್ಲ, ಎರಡು ಮನೆ ಇಳಿಸಿಕೊಳ್ಳಿ ಎಂದರು. ಇಷ್ಟು ವರ್ಷ ನಮಗೆ ಇದು ಹೊಳೆದಿರಲಿಲ್ಲ. ಭಾನುವಾರ ಊರ ಬಸವಣ್ಣನ ಗುಡಿಯ ಕಟ್ಟೆಯಲ್ಲಿ ಹೆಂಗಸರನ್ನು ಮುಂದೆ ಕೂರಿಸಿಕೊಂಡು, ಅವರ ದನಿಗೆ ನಮ್ಮ ಶ್ರುತಿ ಹೊಂದಿಸಿ ಅಭ್ಯಾಸ ಮಾಡುತ್ತಿದ್ದೇವೆ. ವಕೀಲರೇ, ನೀವು ಅಂದೇ ಬಂದರೆ ಒಳ್ಳೆಯದು. ಕಾಗದಗಳನ್ನು ತರುವಂತೆ ಎಲ್ಲರಿಗೂ ಹೇಳಿರುತ್ತೇನೆ.