ಹಿಮದ ತಿರುವಿನಲ್ಲಿ ಜಾರಿ ಬಂಡೆಗೆ ಬಡಿದ ಥಾರ್: ರಿಪೇರಿ ಮಾಡಿಸಬೇಕೇ, ಕೈಬಿಡಬೇಕೇ?

ಪ್ರಶ್ನೆ (ಸದಸ್ಯರು, ಸಕಲೇಶಪುರ):

ಸರ್, ನಮಸ್ಕಾರ. ನನ್ನದು 2022ರ ಡೀಸೆಲ್ ಮಹೀಂದ್ರಾ ಥಾರ್. ಕಳೆದ ವಾರ ಬೆಳಗಿನ ಹೊತ್ತು ಹಿಮಾಚಲದ ಸಿಸ್ಸುವಿನಿಂದ ಅಟಲ್ ಸುರಂಗದ ಕಡೆಗೆ ಬರುತ್ತಿದ್ದಾಗ, ಬಿಸಿಲು ಬೀಳದ ಒಂದು ತಿರುವಿನಲ್ಲಿ ಗಾಡಿ ಜಾರಿತು. ರಸ್ತೆ ಬರೀ ಒದ್ದೆಯಾದಂತೆ ಕಾಣುತ್ತಿತ್ತು, ಆದರೆ ಅದು ತೆಳುವಾದ ಮಂಜುಗಡ್ಡೆ. ಫೋರ್ ವೀಲ್ ಹಾಕಿಕೊಂಡೇ ಇದ್ದೆ. ಎಡಗಡೆಯ ಮುಂಚಕ್ರ ಬಂಡೆಗೆ ಬಡಿಯಿತು. ದೇವರ ದಯೆಯಿಂದ ಯಾರಿಗೂ ಪೆಟ್ಟಾಗಲಿಲ್ಲ, ಏರ್‌ಬ್ಯಾಗ್ ಬಿಚ್ಚಿಕೊಳ್ಳಲಿಲ್ಲ. ಚಕ್ರ ಒಳಕ್ಕೆ ಮಡಚಿಕೊಂಡಿದೆ, ಮಡ್‌ಗಾರ್ಡ್ ಮತ್ತು ಬಾನೆಟ್ ಹೋಗಿವೆ, ರೇಡಿಯೇಟರ್ ಒಡೆದಿದೆ.

ಗಾಡಿ ಈಗ ಮನಾಲಿಯ ಒಂದು ಗ್ಯಾರೇಜಿನ ಅಂಗಳದಲ್ಲಿದೆ. ಮೇಲ್ನೋಟದ ಅಂದಾಜು 5.6 ಲಕ್ಷ ಎಂದಿದ್ದಾರೆ. ಪಾಲಿಸಿಯಲ್ಲಿ ಐಡಿವಿ (ವಿಮೆಗಾಗಿ ಗಾಡಿಗೆ ಕಟ್ಟಿದ ಬೆಲೆ) 10 ಲಕ್ಷ. ಝೀರೋ ಡೆಪ್ (ಪಾರ್ಟ್‌ಗಳ ಸವಕಳಿ ಕಳೆಯದೆ ಹಣ ಕೊಡುವುದು) ಇದೆ, ರಿಟರ್ನ್ ಟು ಇನ್ವಾಯ್ಸ್ (ಕೊಂಡ ಬೆಲೆಯನ್ನೇ ಕೊಡುವುದು) ಇಲ್ಲ. ಬ್ಯಾಂಕಿನ ಸಾಲ ಸುಮಾರು 6 ಲಕ್ಷ ಬಾಕಿ ಇದೆ. ಮುಂದೆ ಹೊರಗಿನಿಂದ ಹಾಕಿಸಿದ ಕಬ್ಬಿಣದ ಬಂಪರ್ ಇತ್ತು. ಪೆಟ್ಟು ತಿಂದ ಗಾಡಿ ಮನೆಗೆ ಬೇಡವೇ ಬೇಡ ಎಂದು ಅಪ್ಪ ಹಟ ಹಿಡಿದಿದ್ದಾರೆ. ರಿಪೇರಿ ಮಾಡಿಸಲೋ, ಟೋಟಲ್ ಲಾಸ್ (ಗಾಡಿ ಬಿಟ್ಟುಕೊಟ್ಟು ಐಡಿವಿ ಹಣ ಪಡೆಯುವುದು) ಮಾಡಿಸಲೋ?

ಉತ್ತರ (ಬಾಡಿ ಶಾಪ್ ನಡೆಸುವವರು, ಹಾಸನ):

ಜೀವಕ್ಕೆ ಏನೂ ಆಗಲಿಲ್ಲವಲ್ಲ, ಅದೇ ದೊಡ್ಡದು. ನಿಮ್ಮ ಪ್ರಶ್ನೆಗೆ ಬರುವ ಮೊದಲು ಇವತ್ತೇ ಆಗಬೇಕಾದ ಒಂದು ಕೆಲಸವಿದೆ. ಗ್ಯಾರೇಜಿಗೆ ಫೋನ್ ಮಾಡಿ, ರೇಡಿಯೇಟರಿಗೆ ಯಾರಾದರೂ ಬರೀ ನೀರು ತುಂಬಿದ್ದಾರೆಯೇ ಎಂದು ಕೇಳಿ. ಗಾಡಿಯನ್ನು ಒಳಕ್ಕೆ ತಳ್ಳುವಷ್ಟು ಹೊತ್ತು ಎಂಜಿನ್ ಓಡಲಿ ಎಂದು ಹಾಗೆ ಮಾಡುವ ರೂಢಿ ಇದೆ. ಮನಾಲಿಯ ಚಳಿಗಾಲದ ರಾತ್ರಿಯಲ್ಲಿ ಆ ನೀರು ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ ನೀರು ಶೇ 9ರಷ್ಟು ಹಿಗ್ಗುತ್ತದೆ, ಎಂಜಿನ್ ಬ್ಲಾಕನ್ನೇ ಸೀಳಿಬಿಡುತ್ತದೆ. ಅಪಘಾತದ ನಂತರ ಆದ ಇಂಥ ಹಾನಿಯನ್ನು ವಿಮಾ ಕಂಪನಿ ನಿಮ್ಮ ತಲೆಗೇ ಕಟ್ಟುತ್ತದೆ. ಎಂಜಿನ್ನಿನೊಳಗೆ ಉಳಿದ ನೀರನ್ನು ಪೂರ್ತಿ ಬಸಿದು ತೆಗೆಯಲಿ. ಯಾರೂ ಎಂಜಿನ್ ಸ್ಟಾರ್ಟ್ ಮಾಡದಿರಲಿ.

ಇನ್ನು ನಿಮ್ಮ ಪ್ರಶ್ನೆ. ಟೋಟಲ್ ಲಾಸ್ ಎನ್ನುವುದು ನೀವು ಬೇಡಿ ಪಡೆಯುವಂಥದ್ದಲ್ಲ. ಗಾಡಿಯನ್ನು ಎತ್ತಿ ತಂದ ಖರ್ಚೂ ರಿಪೇರಿಯ ಖರ್ಚೂ ಸೇರಿ ಐಡಿವಿಯ ಶೇ 75ನ್ನು ದಾಟಿದರೆ ಮಾತ್ರ ಪಾಲಿಸಿಯ ಪ್ರಕಾರ ಅದು ಟೋಟಲ್ ಲಾಸ್. ನಿಮ್ಮ ಲೆಕ್ಕದಲ್ಲಿ ಆ ಗೆರೆ 7.5 ಲಕ್ಷ. ಈಗಿನ 5.6 ಲಕ್ಷಕ್ಕೆ ಕಂಪನಿ ರಿಪೇರಿಯನ್ನೇ ಮಾಡಿಸುತ್ತದೆ. ಆದರೆ ಇದು ಬಿಚ್ಚದೆ ಹೇಳಿದ ಅಂದಾಜು. ಬಿಚ್ಚಿದ ಮೇಲೆ ಮೊತ್ತ ಏರುವುದೇ ಹೆಚ್ಚು, ಇಳಿದದ್ದನ್ನು ನಾನು ನೋಡಿಲ್ಲ.

ಟೋಟಲ್ ಲಾಸ್ ಆದರೆ ಕೈತುಂಬ ಹಣ ಬರುತ್ತದೆ ಎಂದುಕೊಳ್ಳಬೇಡಿ. 10 ಲಕ್ಷದಲ್ಲಿ ಕಡ್ಡಾಯ ಕಡಿತ 2,000 ರೂಪಾಯಿ ಹೋಗುತ್ತದೆ, ಬ್ಯಾಂಕು ತನ್ನ 6 ಲಕ್ಷವನ್ನು ಮೊದಲು ತೆಗೆದುಕೊಳ್ಳುತ್ತದೆ. ನಿಮಗೆ ಉಳಿಯುವುದು 4 ಲಕ್ಷಕ್ಕಿಂತ ತುಸು ಕಡಿಮೆ. ಅದನ್ನು ಹಿಡಿದುಕೊಂಡು ಹೊಸ ಗಾಡಿಗೆ ಮತ್ತೆ ಸಾಲ ಮಾಡಬೇಕು. ಗುಜರಿಯವನಿಗೆ ಗಾಡಿ ಕೊಟ್ಟು ಆರ್‌ಸಿಯನ್ನು ಹಾಗೇ ಬಿಡುವುದೂ ಅಪಾಯ. ಕಳವಾದ ಗಾಡಿಗಳಿಗೆ ಇಂಥ ಆರ್‌ಸಿಯನ್ನೂ ಚಾಸಿ ನಂಬರನ್ನೂ ಬಳಸುವ ದಂಧೆ ಇದೆ. ಓಡಿಸಲಾಗದಂತೆ ನಾಶವಾದ ಗಾಡಿಯ ವಿಷಯವನ್ನು 14 ದಿನಗಳೊಳಗೆ ಆರ್‌ಟಿಒಗೆ ತಿಳಿಸಬೇಕು ಎಂದು ಮೋಟಾರು ವಾಹನ ಕಾಯ್ದೆಯ 55ನೇ ಕಲಮೇ ಹೇಳುತ್ತದೆ.

ಹಾಗಾದರೆ ತೀರ್ಮಾನ ಯಾವುದರ ಮೇಲೆ ನಿಂತಿದೆ? ಚಾಸಿಯ ಮೇಲೆ. ಥಾರ್‌ನಲ್ಲಿ ಬಾಡಿ ಬೇರೆ, ಅದನ್ನು ಹೊತ್ತಿರುವ ಏಣಿಯಂಥ ಚಾಸಿ ಬೇರೆ. ಬಾನೆಟ್, ಮಡ್‌ಗಾರ್ಡ್, ಬಾಗಿಲು ಎಷ್ಟೇ ನಜ್ಜುಗುಜ್ಜಾಗಿರಲಿ, ಬಿಚ್ಚಿ ಹೊಸದು ಹಾಕಬಹುದು. ಚಾಸಿ ತಿರುಚಿಕೊಂಡಿದ್ದರೆ ಮೇಲೆ ಎಷ್ಟು ಚೆಂದದ ಪೇಂಟ್ ಹೊಡೆದರೂ ಗಾಡಿ ನೇರವಾಗಿ ಓಡುವುದಿಲ್ಲ, ಟೈರ್ ಒಂದೇ ಪಕ್ಕ ಸವೆಯುತ್ತದೆ. ನಿಮ್ಮದು ಮುಂದಿನ ಒಂದು ಮೂಲೆಗೆ ಬಿದ್ದ ಪೆಟ್ಟು. ಇಂಥ ಪೆಟ್ಟಿಗೆ ಏಣಿ ಚಾಸಿಯ ಒಂದು ಉದ್ದಪಟ್ಟಿ ಹಿಂದಕ್ಕೆ ಸರಿದು, ಚೌಕ ಇದ್ದದ್ದು ಓರೆಯಾಗುವುದುಂಟು. ಕಬ್ಬಿಣದ ಬಂಪರ್ ಇದ್ದದ್ದು ಈ ಅನುಮಾನವನ್ನು ಹೆಚ್ಚಿಸುತ್ತದೆ. ಕಂಪನಿಯ ಬಂಪರ್ ತಾನು ಮುರಿದು ಪೆಟ್ಟನ್ನು ಹೀರುತ್ತದೆ, ಈ ಬಂಪರ್ ಹಾಗೆ ಮುರಿಯದೆ ನೇರವಾಗಿ ಚಾಸಿಗೆ ದಾಟಿಸುತ್ತದೆ. ಇಂಥ ಕ್ರ್ಯಾಶ್ ಗಾರ್ಡ್‌ಗಳನ್ನು ತೆಗೆಸಬೇಕೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಬರೆದಿದೆ. ಹಾನಿ ನೋಡಲು ಬರುವ ವಿಮಾ ಸರ್ವೇಯರ್ ಇದನ್ನು ಎತ್ತಿದರೆ ಮುಚ್ಚಿಡಬೇಡಿ, ಹಾಕಿಸಿದ್ದು ನಿಜವೆಂದು ಹೇಳಿ. ಫೋಟೋದಲ್ಲಿ ಹೇಗೂ ಕಾಣುತ್ತದೆ.

ಚಾಸಿಯನ್ನು ಅಳೆಯಲು ಮೊದಲ ಹಂತದಲ್ಲಿ ಯಂತ್ರವೇ ಬೇಕಿಲ್ಲ. ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಎತ್ತಲಿ. ಚಾಸಿಯ ಎಡ ಬಲ ಎರಡೂ ಕಡೆ ಒಂದೇ ಜಾಗದಲ್ಲಿರುವ ತೂತುಗಳನ್ನು ಮುಂದೆ ಎರಡು, ಹಿಂದೆ ಎರಡು ಆರಿಸಿಕೊಂಡು, ಗಾರೆಯವರು ಬಳಸುವ ತೂಕದ ಗುಂಡನ್ನು ಇಳಿಬಿಟ್ಟು ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಲಿ. ಬಳಿಕ ಮೂಲೆಯಿಂದ ಮೂಲೆಗೆ ಟೇಪ್ ಹಿಡಿಯಲಿ. ಎರಡೂ ಓರೆ ಅಳತೆಗಳು ಸರಿಸಮ ಬರಬೇಕು. 5–6 ಮಿಲಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಚಾಸಿ ಅಳೆಯುವ ಬೆಂಚಿನ ಮೇಲೆ ಕೂರಿಸಿ ಅಳೆಯದೆ ಒಂದು ಬೋಲ್ಟನ್ನೂ ಹೊಸದಾಗಿ ತರಿಸಬೇಡಿ. ಜೊತೆಗೆ ಎರಡೂ ಪಕ್ಕದಲ್ಲಿ ಮುಂಚಕ್ರದ ನಡುವಿನಿಂದ ಹಿಂಚಕ್ರದ ನಡುವಿಗೆ ಅಳೆಯಲಿ. ನಿಮ್ಮ ಥಾರ್‌ಗೆ ಅದು 2,450 ಮಿಲಿಮೀಟರ್ ಇರಬೇಕು. ಚಾಸಿಯ ಮೇಲೆ ಪೇಂಟ್ ಪದರವಾಗಿ ಎದ್ದಿದೆಯೇ, ತಗಡು ಸುಕ್ಕುಗಟ್ಟಿದೆಯೇ, ಬಾಡಿ ಕೂರುವ ರಬ್ಬರುಗಳು ಜಾಗ ಬಿಟ್ಟಿವೆಯೇ ಎಂದು ಟಾರ್ಚ್ ಹಿಡಿದು ನೋಡಿ ಫೋಟೋ ಕಳಿಸಿ.

ಇದೆಲ್ಲ ಸರ್ವೇಯರ್ ಕಣ್ಣೆದುರು, ಬಿಚ್ಚುವ ಹಂತದಲ್ಲೇ ಆಗಬೇಕು. ಅರ್ಧ ಕೆಲಸ ಮುಗಿದು, ಪಾರ್ಟ್‌ಗಳೆಲ್ಲ ಬಂದ ಮೇಲೆ ಚಾಸಿ ಹೋಗಿದೆ ಎಂದು ಗೊತ್ತಾದರೆ ಗ್ಯಾರೇಜು, ವಿಮಾ ಕಂಪನಿ, ನೀವು ಮೂವರೂ ಜಗ್ಗಾಡುತ್ತೀರಿ. ಆ ಜಗ್ಗಾಟದಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಗಳನ್ನು ಕಂಡು ನನಗೆ ಬೇಸರವಾಗಿದೆ.

ಮರುಪ್ರಶ್ನೆ (ಸಕಲೇಶಪುರ):

ಸರ್, ಬಹಳ ಉಪಕಾರವಾಯಿತು. ನೀರು ತುಂಬಿದ್ದು ನಿಜ, ಬಸಿಸಿದೆ. ನೀವು ಹೇಳಿದಂತೆ ಅಳೆಸಿದೆ. ಎಡಗಡೆ ಚಕ್ರದ ಅಳತೆ ಬಲಕ್ಕಿಂತ 22 ಮಿಲಿಮೀಟರ್ ಕಡಿಮೆ. ಚಾಸಿಯ ಓರೆ ಅಳತೆಗಳಲ್ಲಿ ಮಾತ್ರ 3 ಮಿಲಿಮೀಟರ್ ವ್ಯತ್ಯಾಸ. ಬಂಪರ್ ಕೂರುವ ಎಡತುದಿಯಲ್ಲಿ ತಗಡು ಸ್ವಲ್ಪ ಸುಕ್ಕುಗಟ್ಟಿದೆ. ಗಾಡಿಯನ್ನು ಊರಿಗೇ ತಂದು ನಿಮ್ಮಲ್ಲಿ ಮಾಡಿಸಬಹುದೇ?

ಉತ್ತರ (ಹಾಸನ):

ಇದು ಸಮಾಧಾನದ ಸುದ್ದಿ. 3 ಮಿಲಿಮೀಟರ್ ಟೇಪಿನ ತಪ್ಪಿನೊಳಗೇ ಬರುತ್ತದೆ. ಚಾಸಿಯ ನಡುಭಾಗ ನೆಟ್ಟಗಿದೆ ಎಂದೇ ತಿಳಿಯಬಹುದು. ಚಕ್ರ ಹಿಂದಕ್ಕೆ ಸರಿದಿರುವುದು ಅದನ್ನು ಚಾಸಿಗೆ ಜೋಡಿಸುವ ಲೋಯರ್ ಆರ್ಮ್ ಬಾಗಿದ್ದರಿಂದ ಇರಬೇಕು. ಆರ್ಮ್ ಅನ್ನು ಹಿಡಿದಿರುವ ಬ್ರ್ಯಾಕೆಟ್‌ಗಳು ಚಾಸಿಯಿಂದ ಹರಿದಿಲ್ಲವೇ ಎಂಬುದನ್ನು ಮಾತ್ರ ಖಚಿತಪಡಿಸಿಕೊಳ್ಳಿ. ಅವು ಗಟ್ಟಿಯಾಗಿದ್ದರೆ ನನ್ನ ಮಾತು ಸ್ಪಷ್ಟ: ರಿಪೇರಿ ಮಾಡಿಸಿ.

ಮಾಡಿಸುವಾಗ ಎರಡು ವಿಷಯದಲ್ಲಿ ರಾಜಿ ಬೇಡ. ಸುಕ್ಕಾದ ತುದಿಯನ್ನು ಎಳೆಯುವ ಯಂತ್ರದಿಂದ ತಣ್ಣಗೇ ಸರಿಪಡಿಸಲಿ, ಗ್ಯಾಸ್ ಬೆಂಕಿ ಹಿಡಿದು ಕೆಂಪಗೆ ಕಾಯಿಸಿದರೆ ಆ ಉಕ್ಕಿನ ಬಲವೇ ಹೋಗುತ್ತದೆ. ಆರ್ಮ್, ಸ್ಟೀರಿಂಗ್ ನಕಲ್ (ಚಕ್ರವನ್ನು ಹೊತ್ತು ತಿರುಗುವ ಭಾಗ), ಟೈ ರಾಡ್, ಡ್ರೈವ್ ಶಾಫ್ಟ್, ಹಬ್ ಬೇರಿಂಗ್ ಇವುಗಳಲ್ಲಿ ಬಾಗಿದ್ದೆಲ್ಲ ಹೊಸದೇ ಆಗಲಿ. ಸ್ಟೀರಿಂಗಿನ ಭಾಗವನ್ನು ಸುತ್ತಿಗೆಯಿಂದ ನೆಟ್ಟಗೆ ಮಾಡುತ್ತೇನೆ ಎನ್ನುವ ಮೆಕ್ಯಾನಿಕ್ ಎಷ್ಟೇ ಒಳ್ಳೆಯವನಾಗಿರಲಿ, ಕೈಮುಗಿದು ಬೇಡ ಎನ್ನಿ. ಕೊನೆಗೆ ಅಲೈನ್‌ಮೆಂಟ್ ಚೀಟಿಯಲ್ಲಿ ಟೋ ಎಂಬ ಚಕ್ರದ ಕೋನ ಮಾತ್ರವಲ್ಲ, ಕ್ಯಾಂಬರ್, ಕ್ಯಾಸ್ಟರ್ ಎಂಬ ಕೋನಗಳು ಕೂಡ ಎರಡೂ ಕಡೆ ಹೊಂದಿರಬೇಕು.

ಊರಿಗೆ ತರಿಸುವ ಆಸೆ ಅರ್ಥವಾಗುತ್ತದೆ, ನನಗೂ ಕೆಲಸ ಸಿಗುತ್ತದೆ. ಆದರೆ ಸಾಮಾನ್ಯ ಪಾಲಿಸಿ ಎಳೆದು ತರುವುದಕ್ಕೆ ಕೊಡುವುದು 1,500 ರೂಪಾಯಿ, ಅದೂ ಹತ್ತಿರದ ಗ್ಯಾರೇಜಿನವರೆಗೆ. ಮನಾಲಿಯಿಂದ ಸಕಲೇಶಪುರದವರೆಗೆ ಲಾರಿ ಬಾಡಿಗೆ ನಿಮ್ಮ ಜೇಬಿನಿಂದಲೇ. ಮಂಡಿ ಅಥವಾ ಚಂಡೀಗಢದ ಕಂಪನಿ ವರ್ಕ್‌ಶಾಪಿನಲ್ಲಿ ಕ್ಯಾಷ್‌ಲೆಸ್ ಮಾಡಿಸಿಕೊಂಡು, ಓಡಿಸಿಕೊಂಡು ಬನ್ನಿ. ಬಂದ ಮೇಲೆ ನಾನು ಒಮ್ಮೆ ಅಡಿಯಿಂದ ನೋಡಿಕೊಡುತ್ತೇನೆ.

ಅಪ್ಪನವರಿಗೆ ಆ ಅಳತೆಯ ಚೀಟಿಗಳನ್ನೇ ತೋರಿಸಿ. ಅವರ ಭಯ ಸುಳ್ಳಲ್ಲ, ಚಾಸಿ ಓರೆಯಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಇನ್ನೊಬ್ಬ ಸದಸ್ಯರ ಪ್ರಶ್ನೆ (ಮೂಡಿಗೆರೆ):

ಅಣ್ಣ, ನನ್ನದು ಹಳೆಯ ಮಾರುತಿ ಜಿಪ್ಸಿ. ತೋಟದ ಇಳಿಜಾರಿನಲ್ಲಿ ಕೆಸರಿಗೆ ಜಾರಿ ಸಿಲ್ವರ್ ಮರಕ್ಕೆ ಗುದ್ದಿದೆ. ಥರ್ಡ್ ಪಾರ್ಟಿ ವಿಮೆ ಮಾತ್ರ ಇದೆ. ಇದೇ ಲೆಕ್ಕ ನನಗೂ ಹೊಂದುತ್ತದೆಯೇ?

ಉತ್ತರ (ಹಾಸನ):

ನಿಮಗೆ ಶೇ 75ರ ಮಾತೇ ಇಲ್ಲ, ಹಣವೆಲ್ಲ ನಿಮ್ಮದೇ. ಅಳೆಯುವ ಕ್ರಮ ಅದೇ, ಆದರೆ ಮಲೆನಾಡಿನ ಜಿಪ್ಸಿಗೆ ಅಪಘಾತಕ್ಕಿಂತ ತುಕ್ಕು ದೊಡ್ಡ ಶತ್ರು. ಹಿಂದಿನ ಲೀಫ್ ಪಟ್ಟಿಗಳು ಚಾಸಿಗೆ ಕೂರುವ ಜಾಗಗಳಲ್ಲಿ ಸ್ಕ್ರೂಡ್ರೈವರ್‌ನಿಂದ ಬಲವಾಗಿ ಚುಚ್ಚಿ ನೋಡಿ. ತಗಡು ಪುಡಿಯಾಗಿ ಉದುರಿದರೆ ಮುಂಭಾಗದ ಪೆಟ್ಟನ್ನು ರಿಪೇರಿ ಮಾಡಿಸಿ ಪ್ರಯೋಜನವಿಲ್ಲ. ಗಟ್ಟಿ ಇದ್ದರೆ ಮಾಡಿಸಿ. ಜಿಪ್ಸಿಯ ಮಾರಾಟ ನಿಂತು ವರ್ಷಗಳಾದವು, ಹೊಸದು ಬೇಕೆಂದರೂ ಸಿಗದು. 15 ವರ್ಷ ದಾಟಿದ ಗಾಡಿಯಾದರೆ ಆರ್‌ಸಿ ನವೀಕರಣಕ್ಕೆ ತಪಾಸಣೆ ಆಗಲೇಬೇಕು. ಆ ದಿನಾಂಕ ಹತ್ತಿರವಿದೆಯೇ ಎಂದು ನೋಡಿಕೊಂಡು, ತಪಾಸಣೆಗೆ ಮೊದಲೇ ವೆಲ್ಡಿಂಗ್ ಕೆಲಸ ಮುಗಿಸಿಕೊಳ್ಳಿ.