ಕ್ಲಿನಿಕ್ ಬಿಡದೆ ಸಂಶೋಧನೆ ಮಾಡಲು ಆಗುತ್ತದಾ?

ತುಂಗಾತೀರ
ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿ ಒಂಬತ್ತು ವರ್ಷದಿಂದ ಕ್ಲಿನಿಕ್ ನಡೆಸುತ್ತಿದ್ದೇನೆ. ಫ್ಯಾಮಿಲಿ ಮೆಡಿಸಿನ್‌ನಲ್ಲಿ ಡಿಎನ್‌ಬಿ (ಎಂಬಿಬಿಎಸ್ ಆದಮೇಲಿನ ಸ್ನಾತಕೋತ್ತರ ಓದು) ಆಗಿದೆ. ಒಂದು ವಿಷಯ ತಲೆ ಕೊರೆಯುತ್ತಿದೆ. ಬಿಪಿ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸುಮಾರು ಜನ ಜೂನ್ ಬಂದರೆ ಕಾಣೆಯಾಗುತ್ತಾರೆ, ಮಳೆ ಮುಗಿದು ದೀಪಾವಳಿ ಹೊತ್ತಿಗೆ ಮತ್ತೆ ಬರುತ್ತಾರೆ, ಅಷ್ಟರಲ್ಲಿ ಬಿಪಿ ಏರಿರುತ್ತದೆ. ಹಳ್ಳ ತುಂಬಿ ದಾರಿ ಇಲ್ಲವೆಂದಾ, ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಗಡಿಬಿಡಿಯಾ, ಅಡಿಕೆ ಕೊಯ್ಲಿನ ತನಕ ಕೈಯಲ್ಲಿ ದುಡ್ಡಿಲ್ಲವೆಂದಾ? ಇದನ್ನು ಸರಿಯಾಗಿ ಅಧ್ಯಯನ ಮಾಡಿ ಬರೆಯಬೇಕು ಅಂತ ಆಸೆ. ಹಿರಿಯರೊಬ್ಬರು "ಹಾಗಾದರೆ ಮೆಡಿಕಲ್ ಕಾಲೇಜು ಸೇರಿ, ಹಳ್ಳಿಯಲ್ಲಿ ಆಗುವ ಕೆಲಸ ಅಲ್ಲ" ಅಂದರು. ಬೇಜಾರಾಯಿತು. ನಾನು ಹೊರಟರೆ ಇಲ್ಲಿ ಹತ್ತಿರ ಬೇರೆ ಡಾಕ್ಟರ್ ಇಲ್ಲ. ಎರಡೂ ಜೊತೆಗೆ ನಡೆಸಿದವರು ಇದ್ದೀರಾ?

ಹಳೇ ಮೇಷ್ಟ್ರು, ಶಿವಮೊಗ್ಗ
ಡಾಕ್ಟ್ರೇ, ಆ ಮಾತು ಹಚ್ಚಿಕೊಳ್ಳಬೇಡಿ. ನಾನು ಕಮ್ಯುನಿಟಿ ಮೆಡಿಸಿನ್, ಅಂದರೆ ಜನಸಮುದಾಯದ ಆರೋಗ್ಯದ ಪಾಠ ಮಾಡಿದವನು. ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ವಿಲಿಯಂ ಪಿಕಲ್ಸ್ ಅಂತ ಹಳ್ಳಿ ಡಾಕ್ಟರ್ ಇದ್ದರು. ಯಾರ ಮನೆಗೆ ಯಾವತ್ತು ಕಾಯಿಲೆ ಬಂತು, ಅದಕ್ಕೆ ಮುಂಚೆ ಅವರು ಯಾರನ್ನು ಕಂಡಿದ್ದರು ಅಂತ ಬರೆದಿಟ್ಟು ಬರೆದಿಟ್ಟು, ಕಾಮಾಲೆ ಅಂಟಿದ ಎಷ್ಟು ದಿನಕ್ಕೆ ಕಾಣಿಸಿಕೊಳ್ಳುತ್ತದೆ ಅಂತ ಲೆಕ್ಕ ಹಾಕಿದರು. 1939ರಲ್ಲಿ ಪುಸ್ತಕವನ್ನೂ ತಂದರು. ಪೇಟೆಯ ದೊಡ್ಡ ಆಸ್ಪತ್ರೆಗೆ ಅದು ಸಾಧ್ಯವೇ ಇರಲಿಲ್ಲ, ಅಲ್ಲಿ ಯಾರು ಯಾರನ್ನು ಕಂಡರು ಅಂತ ಯಾರಿಗೆ ಗೊತ್ತು? ನಮ್ಮ ಕಡೆಯೂ ತೋಟಕ್ಕೊಂದು ಒಂಟಿಮನೆ, ಎಲ್ಲರ ಓಡಾಟ ನಿಮಗೆ ಗೊತ್ತಲ್ವಾ. ವೇಲ್ಸ್‌ನ ಗಣಿ ಹಳ್ಳಿಯಲ್ಲಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ ಕೂಡ ಹಾಗೇ. ಊರಿನ ಜನರ ಬಿಪಿ ನೋಡುತ್ತಲೇ ಸಂಶೋಧನೆ ಮಾಡಿದರು. ಚಿಕಿತ್ಸೆ ಎಲ್ಲಿ ಹೆಚ್ಚು ಬೇಕೋ ಅಲ್ಲೇ ಕಡಿಮೆ ಸಿಗುತ್ತದೆ ಅಂತ 1971ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬರೆದವರು ಅವರೇ.

ಆಗುಂಬೆ ಮಳೆ
ನಾನೂ ಹಳ್ಳಿ ಡಾಕ್ಟರ್. ಮೊದಲು ಎಥಿಕ್ಸ್ ಕಮಿಟಿ (ಸಂಶೋಧನೆಯಿಂದ ಜನರಿಗೆ ತೊಂದರೆ ಆಗದಂತೆ ನೋಡುವ ಸಮಿತಿ) ಒಪ್ಪಿಗೆ ತೆಗೆದುಕೊಳ್ಳಿ, ಆಮೇಲೆ ಮಾಹಿತಿ ಸೇರಿಸಿ. ಕ್ಲಿನಿಕ್‌ನಲ್ಲಿ ಕಮಿಟಿ ಇರುವುದಿಲ್ಲ, ಹಾಗಾಗಿ ಮೆಡಿಕಲ್ ಕಾಲೇಜಿನ ಒಬ್ಬರನ್ನು ಜೊತೆಗೆ ಸೇರಿಸಿಕೊಳ್ಳಬೇಕು. ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆಯವರ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಎಪಿಡೆಮಿಯಾಲಜಿ) ಸಂಶೋಧನಾ ಕೋರ್ಸ್ ಆನ್‌ಲೈನ್‌ನಲ್ಲಿದೆ, ರಾತ್ರಿ ಕೂತು ಮುಗಿಸಬಹುದು. ಇನ್ನೊಂದು ಮುಖ್ಯ ವಿಷಯ. ಕ್ಲಿನಿಕ್‌ಗೆ ಬಂದವರನ್ನು ಮಾತ್ರ ಕೇಳಿದರೆ ಉತ್ತರ ತಪ್ಪಾಗುತ್ತದೆ, ಯಾಕೆಂದರೆ ನಿಮಗೆ ಬೇಕಾದವರು ಬಾರದವರು. ರಿಜಿಸ್ಟರ್ ನೋಡಿ ಅವರ ಮನೆಗೇ ಹೋಗಬೇಕು.

ಸಾಗರದ ಹೆಣ್ಣುಮಗಳು
ನಾನು ಡಾಕ್ಟರ್ ಅಲ್ಲ, ಆದರೂ ಹೇಳುತ್ತೇನೆ. ನಮ್ಮ ಅಪ್ಪಯ್ಯ ಮಾತ್ರೆ ಬಿಟ್ಟಿರಲಿಲ್ಲ, ಮಳೆಗಾಲ ಪೂರ್ತಿ ಬರಲಿ ಅಂತ ಅರ್ಧರ್ಧ ಮಾಡಿ ನುಂಗುತ್ತಿದ್ದರು. "ಯಾಕೆ ಬಿಟ್ಟಿರಿ" ಅಂತ ಕೇಳಿದ್ದರೆ ಇದು ಹೊರಗೆ ಬರುತ್ತಲೇ ಇರಲಿಲ್ಲ. ಮತ್ತೆ, ಮಂಗನ ಕಾಯಿಲೆ ಹೊತ್ತಲ್ಲಿ ನಮ್ಮೂರಿಗೆ ಬಂದು ಏನೇನೋ ಕೇಳಿ ಬರೆದುಕೊಂಡು ಹೋದವರು, ಏನು ಗೊತ್ತಾಯಿತು ಅಂತ ತಿರುಗಿ ಬಂದು ಹೇಳಲೇ ಇಲ್ಲ. ದಮ್ಮಯ್ಯ, ನೀವು ಹಾಗೆ ಮಾಡಬೇಡಿ.

ತುಂಗಾತೀರ
ಅಕ್ಕಾ, ಅರ್ಧ ಮಾತ್ರೆ ವಿಷಯ ನನಗೆ ಹೊಳೆದೇ ಇರಲಿಲ್ಲ. ಪ್ರಶ್ನೆಗಳನ್ನು ಹೊಸದಾಗಿ ಬರೆಯುತ್ತೇನೆ. ಮೇಷ್ಟ್ರೇ, ಬರೆದದ್ದನ್ನು ಒಮ್ಮೆ ನೋಡಿಕೊಡುತ್ತೀರಾ?