ಜೇಡ್ ಕಡ್ಡಿ, ಎಕಿವೇರಿಯಾ ಎಲೆ ಬೇರು ಬಿಡುವ ಮೊದಲೇ ಕೊಳೆಯುತ್ತಿವೆ

ತಾರಸಿತೋಟ:
ಜೇಡ್, ಎಕಿವೇರಿಯಾ ಎರಡೂ ನೀರು ತುಂಬಿದ ದಪ್ಪ ಎಲೆಯ ಗಿಡಗಳು, ಕತ್ತರಿಸಿದ ದಿನವೇ ನೆಟ್ಟಿದ್ದು. ಕೆಂಪುಮಣ್ಣು, ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ ಸಮಸಮ, ದಿನ ಬಿಟ್ಟು ದಿನ ನೀರು. ಹತ್ತು ದಿನಕ್ಕೆ ಜೇಡ್ ಕಡ್ಡಿಯ ಬುಡ ಕಪ್ಪಾಗಿ ಮೆತ್ತಗಾಗಿದೆ, ಎಕಿವೇರಿಯಾ ಎಲೆ ಗಾಜಿನ ಹಾಗಾಗಿವೆ. ಬೆಂಗಳೂರು, ಪೂರ್ವದ ಬಾಲ್ಕನಿ. ಬೇರು ಬರಿಸುವ ಪುಡಿ ಹಾಕಬೇಕಿತ್ತಾ?

ಕಳ್ಳಿಬೇಲಿ:
ಪುಡಿ ಬೇಡವೇ ಬೇಡ, ಜೇಡ್ ತಾನಾಗಿಯೇ ಬೇರು ಬಿಡುತ್ತೆ. ತೊಂದರೆ ಆಗಿರೋದು ನೀರಿನಿಂದ. ಕತ್ತರಿಸಿದ ಗಾಯ ಹಸಿ ಇರುವಾಗಲೇ ಒದ್ದೆ ಮಣ್ಣಿಗೆ ಇಟ್ಟರೆ ಶಿಲೀಂಧ್ರಕ್ಕೆ ಬಾಗಿಲು ತೆರೆದ ಹಾಗೆ. ಬೇರೇ ಇಲ್ಲದ ಕಡ್ಡಿ ಆ ನೀರನ್ನು ಕುಡಿಯೋದೂ ಇಲ್ಲ.

ಉಳಿದ ಕಡ್ಡಿ ಕಿತ್ತು, ಬ್ಲೇಡಿಗೆ ಸ್ಪಿರಿಟ್ ಒರೆಸಿ, ಬುಡದಿಂದ ಅರ್ಧರ್ಧ ಇಂಚು ಕತ್ತರಿಸುತ್ತಾ ಬನ್ನಿ. ಕತ್ತರಿಸಿದ ಮುಖದಲ್ಲಿ ಕಂದು ಚುಕ್ಕೆ, ಕಂದು ಉಂಗುರ ಕಂಡರೆ ಕೊಳೆ ಇನ್ನೂ ಮೇಲಕ್ಕೆ ಹತ್ತಿದೆ ಅಂತ ಅರ್ಥ. ಪೂರ್ತಿ ತಿಳಿಹಸಿರು ಕಾಣುವವರೆಗೂ ನಿಲ್ಲಿಸಬೇಡಿ, ಪ್ರತಿ ಸಲವೂ ಬ್ಲೇಡ್ ಒರೆಸಿ. ಆಮೇಲೆ ಐದರಿಂದ ಏಳು ದಿನ ನೆರಳಲ್ಲಿ, ಗಾಳಿಯಾಡುವ ಕಡೆ ಕಾಗದದ ಮೇಲೆ ಬಿಡಿ. ಗಾಯ ಬೆಳ್ಳಗೆ ಸುಕ್ಕುಗಟ್ಟಿ, ಬೆರಳಿಗೆ ಒಣ ಸಿಪ್ಪೆಯ ಹಾಗೆ ಸಿಗಬೇಕು.

ಮಣ್ಣು ಒಂದು ಪಾಲು, ತೊಳೆದ ದಪ್ಪ ಮರಳು ಒಂದು ಪಾಲು, ಕಡಲೆಕಾಳಿನ ಗಾತ್ರದ ಇಟ್ಟಿಗೆ ಚೂರು ಒಂದು ಪಾಲು. ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ಆದರೆ ನಾಲ್ಕೈದು ಸಲ ತೊಳೆಯಿರಿ, ಅದರ ಧೂಳು ಸಿಮೆಂಟಿನಂತೆ ಕಟ್ಟಿಕೊಳ್ಳುತ್ತೆ. ಎರೆಗೊಬ್ಬರ ಬೇರು ಬಂದಮೇಲೆ. ಮೂರು ಇಂಚಿನ ಮಣ್ಣಿನ ಕುಂಡ ಸಾಕು. ಒಣ ಮಿಶ್ರಣದಲ್ಲೇ ನೆಟ್ಟು, ವಾರ ಬಿಟ್ಟು ಮೊದಲ ನೀರು. ಮೂರ್ನಾಲ್ಕು ವಾರಕ್ಕೆ ಮೆಲ್ಲಗೆ ಜಗ್ಗಿ ನೋಡಿ, ಮಣ್ಣು ಹಿಡಿದುಕೊಂಡಿದ್ದರೆ ಬೇರು ಬಂದಿದೆ.

ಎಲೆಮರಿ:
ಗಾಜಿನಂತಾದ ಎಲೆ ಎಸೆದುಬಿಡಿ, ಅದು ಬದುಕಲ್ಲ. ಹೊಸ ಎಲೆ ಬಿಡಿಸುವಾಗ ಕೆಳಗಿನ ಕೊಬ್ಬಿದ ಎಲೆಯನ್ನೇ ಹಿಡಿದು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ. ಕಾಂಡಕ್ಕೆ ಅಂಟಿದ್ದ ತುದಿ ಪೂರ್ತಿ ಬರಲೇಬೇಕು, ಮರಿ ಹುಟ್ಟೋದು ಅಲ್ಲಿಂದಲೇ. ಅರ್ಧಕ್ಕೆ ಮುರಿದರೆ ಬೇರು ಬಂದರೂ ಬರಬಹುದು, ಮರಿ ಬರಲ್ಲ.

ಎರಡು ಮೂರು ದಿನ ಒಣಗಿಸಿ ಮಣ್ಣಿನ ಮೇಲೆ ಮಲಗಿಸಿ, ಹೂಳಬೇಡಿ. ಗುಲಾಬಿ ಬಣ್ಣದ ನೂಲಿನಂಥ ಬೇರು ಇಣುಕಿದ ಮೇಲೆ ಅದಕ್ಕೆ ಮಾತ್ರ ಚಿಟಿಕೆ ಮಣ್ಣು ಮುಚ್ಚಿ ಸಿಂಪಡಿಸಿ. ತಾಯಿ ಎಲೆ ತಾನಾಗಿ ಒಣಗಿ ಉದುರುವವರೆಗೂ ಕೀಳಬೇಡಿ, ಅಲ್ಲಿವರೆಗೆ ಮರಿಗೆ ಅದೇ ಊಟ.

ಕೊಕೊಪೀಟ್ ಪೂರ್ತಿ ಬಿಡಬೇಕಿಲ್ಲ, ಬಯಲುಸೀಮೆಯ ಒಣಹವೆಗೆ ಹತ್ತರಲ್ಲಿ ಒಂದು ಪಾಲು ನಡೆಯುತ್ತೆ. ಕರಾವಳಿ, ಮಲೆನಾಡಿಗೆ ಖಂಡಿತ ಬೇಡ.

ತಾರಸಿತೋಟ:
ಧನ್ಯವಾದ ಇಬ್ಬರಿಗೂ. ಹಳದಿ ಅಂಚಿನ ಸ್ನೇಕ್ ಪ್ಲಾಂಟಿಗೂ ಇದೇ ಕ್ರಮವಾ?

ಕಳ್ಳಿಬೇಲಿ:
ಎಲೆ ತುಂಡಿನಿಂದ ಬೆಳೆಸಿದರೆ ಬರುವ ಮರಿಗೆ ಹಳದಿ ಅಂಚು ಇರಲ್ಲ, ಬರೀ ಹಸಿರು. ಅಂಚು ಉಳಿಯಬೇಕಾದರೆ ಗಡ್ಡೆಸಮೇತ ಮರಿ ಬೇರ್ಪಡಿಸಿ. ಹಸಿರು ಜಾತಿಯದಾದರೆ ನಾಲ್ಕು ಇಂಚಿನ ತುಂಡು ಸಾಕು, ಆದರೆ ಕೆಳಗಿನ ತುದಿಗೆ ಪೆನ್ನಲ್ಲಿ ಗುರುತು ಹಾಕಿ. ತಲೆಕೆಳಗಾಗಿ ನೆಟ್ಟ ತುಂಡು ಬೇರು ಬಿಡಲ್ಲ.